ಗುಜರಿಗೆ ಹೋಗುವ ನಾದಯಂತ್ರಗಳು

ಬನವಾಸಿಗೆ ಅನತಿದೂರದಲ್ಲಿರುವ ಗುಡ್ನಾಪುರಕ್ಕೆ ಹೋದವರು ಸಾಮಾನ್ಯವಾಗಿ ಎರಡನ್ನು ನೋಡಿ ಬರುತ್ತಾರೆ. ಒಂದು, ಅಲ್ಲಿಯ ವಿಸ್ತಾರವಾದ ಕೆರೆ. ಇನ್ನೊಂದು, ಕದಂಬ ದೊರೆ ರವಿವರ್ಮನ ಸ್ತಂಭಶಾಸನ. ಸುಮಾರು ಸಾವಿರದ ಐನೂರು ವರ್ಷಗಳಷ್ಟು ಹಳೆಯದಾದ ಆ ಸಂಸ್ಕೃತ ಶಾಸನದಲ್ಲಿ ಕಾಮಜಿನಾಲಯದ ವಿಷಯದೊಂದಿಗೆ ಅರಮನೆಯ ಹಾಗೂ ನೃತ್ಯಶಾಲೆಯ ಪ್ರಸ್ತಾಪವೂ ಬರುತ್ತದೆ. ನೃತ್ಯವಿದ್ದೆಡೆ ಗಾನವುಂಟು, ಗಾನವಿದ್ದೆಡೆ ಶ್ರುತಿಯುಂಟು. ಕಲ್ಲಿನಲ್ಲಿ ಕೊರೆದದ್ದರಿಂದ ಆ ಶಾಲೆಯ ಸುದ್ದಿಯಾದರೂ ನಮಗೆ ಉಳಿದು ಬಂದಿತು. ನಾವು ಇಲ್ಲಿ ಹೇಳಹೊರಟಿರುವುದು ಯಾರೂ ಕಲ್ಲಿನಲ್ಲಿ ಕೊರೆದಿಡದ, ಬಹುಮಟ್ಟಿಗೆ ಕಾಗದದಲ್ಲಿಯೂ ಬರೆದಿಡದ, ನಮ್ಮ ಕಣ್ಣೆದುರಿನಲ್ಲಿಯೇ ಅಳಿದುಹೋಗುತ್ತಿರುವ ಮತ್ತೊಂದು ಚರಿತ್ರೆಯನ್ನು.

ಕಳೆದ ಮಳೆಗಾಲದಲ್ಲಿ ಅದೇ ಊರಿನ ಮನೆಯೊಂದರ ಜಗಲಿಯಲ್ಲಿ ತಾಳಮದ್ದಳೆ ನಡೆಯಿತು. ನಮ್ಮ ಕಾಲೇಜಿನ ಕೆಲವು ವಿದ್ಯಾರ್ಥಿಗಳೊಡನೆ ನಾವೂ ಹೋಗಿದ್ದೆವು. ಶ್ರುತಿಗೆ ಸಣ್ಣದೊಂದು ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನಿಟ್ಟಿದ್ದರು. ಪ್ರಸಂಗ ಮುಗಿದು ಚಹಾ ಕುಡಿಯುತ್ತಿದ್ದಾಗ ಮನೆಯ ಯಜಮಾನರು ಅಟ್ಟದಿಂದ ಇಳಿಸಿದ್ದ ಇನ್ನೊಂದು ಪೆಟ್ಟಿಗೆಯನ್ನು ತೋರಿಸಿದರು. ಅದು ಮೊದಲಿನದಕ್ಕಿಂತ ಬಹಳ ಹಳೆಯದು, ಗಾತ್ರದಲ್ಲಿಯೂ ದೊಡ್ಡದು. ಮುಖದ ಮೇಲೆ ನಾಲ್ಕಾರು ತಿರುಗುಗುಂಡಿಗಳು. ಮಳೆಗಾಲದ ತೇವಕ್ಕೆ ಬಣ್ಣ ಕಳೆದುಕೊಂಡ ಹೊದಿಕೆ. ಮರುದಿನ ಗುಜರಿಯವನು ಬಂದರೆ ಅವನಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಬಹುಕಾಲ ಭಾಗವತಿಕೆ ಮಾಡಿದ್ದ ಹಿರಿಯರೊಬ್ಬರು ಅದನ್ನು ನೋಡಿ, “ಮಾಸ್ತರೆ, ಅದ್ರಲ್ಲಿ ಜೀವ ಇಲ್ಲೆ” ಎಂದರು. ನಮ್ಮ ವಿದ್ಯಾರ್ಥಿಯೊಬ್ಬನು, “ಸರ್, ಇದನ್ನು ಮೊದಲು ಮಾಡಿದವರು ಜಪಾನಿನವರೋ, ಅಮೇರಿಕೆಯವರೋ?” ಎಂದು ಕೇಳಿದನು.

ಈ ಎರಡು ಮಾತುಗಳೇ ಈ ಲೇಖನಕ್ಕೆ ಕಾರಣ. ಹಿರಿಯರ ಮಾತಿನಲ್ಲಿ ಭೌತವಿಜ್ಞಾನವಿದೆ. ಹುಡುಗನ ಪ್ರಶ್ನೆಯಲ್ಲಿ ನಮ್ಮ ಶಿಕ್ಷಣದ ಕೊರತೆಯಿದೆ.

ಪ್ರಶ್ನೆಗೆ ಮೊದಲು ಉತ್ತರ ಹೇಳೋಣ. ಎಲೆಕ್ಟ್ರಾನಿಕ್ ತಂಬೂರಿಯು ಹುಟ್ಟಿದ್ದು ಜಪಾನಿನಲ್ಲಿಯೂ ಅಲ್ಲ, ಅಮೇರಿಕೆಯಲ್ಲಿಯೂ ಅಲ್ಲ, ಬೆಂಗಳೂರಿನಲ್ಲಿ. ಕೊಳಲುವಾದಕರೂ ಇಂಜಿನಿಯರರೂ ಆದ ಜಿ. ರಾಜನಾರಾಯಣ ಅವರು 1979ರಲ್ಲಿ ಅದನ್ನು ರಚಿಸಿದರು. ಅದೇ ವರ್ಷ ಮದರಾಸಿನ ಸಂಗೀತ ಅಕಾಡೆಮಿಯ ವಾರ್ಷಿಕ ಸಮ್ಮೇಳನದಲ್ಲಿ ಅದರ ಪ್ರದರ್ಶನವೂ ನಡೆಯಿತು. ಅವರ ರಾಡೆಲ್ ಸಂಸ್ಥೆಯಿಂದ ಹೊರಬಂದ ‘ಸಾರಂಗ್’ ಎಂಬ ತಂಬೂರಿ, ತಬಲೆಯ ಠೇಕಾ ನುಡಿಸುವ ‘ತಾಲ್‌ಮಾಲಾ’, ‘ಸುನಾದವಿನೋದಿನಿ’ ಎಂಬ ಅಂಕೀಯ ವೀಣೆ ಮುಂತಾದವು ಸಂಗೀತಗಾರರಿಗೆ ಪರಿಚಿತವಾಗಿವೆ. ಮೂಗ್ ಎಂಬ ಅಮೇರಿಕೆಯವನ ಹೆಸರನ್ನು ನಮ್ಮ ಹುಡುಗರು ಎಲ್ಲಿಯೋ ಓದಿರುತ್ತಾರೆ. ತಮ್ಮ ಮನೆಯ ಅಟ್ಟದ ಮೇಲಿರುವ ಯಂತ್ರವು ತಮ್ಮ ನಾಡಿನದೇ ಎಂಬುದು ಮಾತ್ರ ಅವರಿಗೆ ತಿಳಿಯದು.

ಪಶ್ಚಿಮದ ಕಥೆಯನ್ನು ತಿಳಿಯಬಾರದೆಂದು ನಮ್ಮ ಅಭಿಪ್ರಾಯವಲ್ಲ. ಅದು ಸೊಗಸಾದ ಕಥೆಯೇ. ಥ್ಯಾಡಿಯಸ್ ಕೇಹಿಲ್ ಎಂಬಾತನು ದೊಡ್ಡ ದೊಡ್ಡ ವಿದ್ಯುಜ್ಜನಕಗಳನ್ನು ತಿರುಗಿಸಿ, ಆ ಪ್ರವಾಹವನ್ನು ಟೆಲಿಫೋನು ತಂತಿಯ ಮೂಲಕ ಕಳುಹಿಸಿ, 1906ರಲ್ಲಿ ನ್ಯೂಯಾರ್ಕಿನ ಜನರಿಗೆ ಸಂಗೀತ ಕೇಳಿಸಿದನು. ಆ ಯಂತ್ರದ ತೂಕ ಸುಮಾರು 200 ಟನ್ನು. ನಿರ್ವಾತನಳಿಕೆ ಬಂದಮೇಲೆ ಅಷ್ಟು ಭಾರದ ಅಗತ್ಯ ಉಳಿಯಲಿಲ್ಲ. ರಷ್ಯದ ಥೆರೆಮಿನ್ 1920ರಲ್ಲಿ ಮುಟ್ಟದೆಯೇ ನುಡಿಸಬಹುದಾದ ವಾದ್ಯವನ್ನು ಮಾಡಿದನು. ಇವು ಬೇಗ ಹೇಳಿ ಮುಗಿಸಬಹುದಾದ ಸಂಗತಿಗಳು. ಆದರೆ ಗಣಕಯಂತ್ರವು ಹಾಡಲು ಕಲಿತ ಬಗೆಯಲ್ಲಿ ವಿದ್ಯಾರ್ಥಿಗಳು ನಿಂತು ನೋಡಬೇಕಾದ ವಿಷಯವೊಂದುಂಟು.

1951ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದ್ದ ಫೆರಾಂಟಿ ಗಣಕಯಂತ್ರವು ಮೂರು ಧಾಟಿಗಳನ್ನು ನುಡಿಸಿತು. ಬಿ.ಬಿ.ಸಿ.ಯವರು ಅದನ್ನು ಮುದ್ರಿಸಿಕೊಂಡರು. ಯಂತ್ರಕ್ಕೆ ಒಂದು ಧ್ವನಿವರ್ಧಕವಿತ್ತು. ಅದು ಸಂಗೀತಕ್ಕಾಗಿ ಇದ್ದುದಲ್ಲ, ಯಂತ್ರ ಏನು ಮಾಡುತ್ತಿದೆಯೆಂಬುದನ್ನು ಕಿವಿಗೆ ತಿಳಿಸಲೆಂದು ಇದ್ದುದು. ಒಂದು ಆಜ್ಞೆಗೆ ಅದರಲ್ಲಿ ಒಂದು ‘ಟಕ್’ ಎಂಬ ಸದ್ದು. ಅದನ್ನು ಸೆಕೆಂಡಿಗೆ ನೂರಾರು ಸಲ ಕ್ರಮವಾಗಿ ಮರುಕಳಿಸಿದರೆ ಕಿವಿಗೆ ಸ್ವರವಾಗುತ್ತದೆ. ಕ್ರಿಸ್ಟೋಫರ್ ಸ್ಟ್ರೇಚಿ ಎಂಬ ಶಾಲಾ ಉಪಾಧ್ಯಾಯನು ಇದನ್ನು ಬಳಸಿ ರಾಷ್ಟ್ರಗೀತೆಯನ್ನು ನುಡಿಸುವ ಆಜ್ಞಾಕ್ರಮವನ್ನು ಬರೆದನು. ಉಪಾಧ್ಯಾಯರಾದ ನಮಗೆ ಇದರಲ್ಲಿ ಸ್ವಲ್ಪ ಅಭಿಮಾನವೆನಿಸಿದರೆ ವಾಚಕರು ಕ್ಷಮಿಸಬೇಕು. 2016ರಲ್ಲಿ ನ್ಯೂಜಿಲೆಂಡಿನ ಜ್ಯಾಕ್ ಕೋಪ್ಲೆಂಡ್ ಮತ್ತು ಜೇಸನ್ ಲಾಂಗ್ ಎಂಬವರು ಆ ಹಳೆಯ ಮುದ್ರಣವನ್ನು ಪರಿಶೀಲಿಸಿದರು. ಮುದ್ರಿಕೆಯು ತಪ್ಪು ವೇಗದಲ್ಲಿ ತಿರುಗುತ್ತಿತ್ತೆಂದೂ, ಸ್ವರಗಳ ನಿಜವಾದ ಎತ್ತರ ಕೆಟ್ಟಿತ್ತೆಂದೂ ಕಂಡುಕೊಂಡರು. ಅದನ್ನು ಅವರು ಸರಿಪಡಿಸಿದ ಬಗೆಯನ್ನು ಗಮನಿಸಿರಿ. ಗಣಕಯಂತ್ರದ ಕಾಲವು ಹೆಜ್ಜೆಹೆಜ್ಜೆಯಾಗಿ ನಡೆಯುತ್ತದೆ. ಎರಡು ಟಕ್‌ಗಳ ನಡುವೆ ಇಂತಿಷ್ಟೇ ಪೂರ್ಣ ಹೆಜ್ಜೆಗಳಿರಬೇಕು, ಅರ್ಧ ಹೆಜ್ಜೆ ಇರಲಾರದು. ಆದುದರಿಂದ ಅದು ಕೆಲವು ಸ್ವರಗಳನ್ನು ಮಾತ್ರ ನುಡಿಸಬಲ್ಲುದು. ಉಳಿದವುಗಳ ಸಮೀಪಕ್ಕೆ ಹೋಗಬಲ್ಲುದೇ ಹೊರತು ಅವುಗಳನ್ನು ಮುಟ್ಟಲಾರದು. ಯಾವ ಸ್ವರಗಳು ಸಾಧ್ಯ, ಯಾವುವು ಅಸಾಧ್ಯ ಎಂಬ ಈ ಲೆಕ್ಕದಿಂದಲೇ ಮುದ್ರಿಕೆಯ ವೇಗದ ತಪ್ಪು ಹೊರಬಿದ್ದಿತು. ಯಂತ್ರವೇ ಇಲ್ಲವಾಗಿದ್ದರೂ ಅದರ ಕೈಪಿಡಿ ಉಳಿದಿದ್ದುದರಿಂದ ಇದು ಸಾಧ್ಯವಾಯಿತು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಆರು ವರ್ಷಗಳ ಅನಂತರ, 1957ರಲ್ಲಿ, ಅಮೇರಿಕೆಯ ಬೆಲ್ ಪ್ರಯೋಗಶಾಲೆಯ ಮ್ಯಾಕ್ಸ್ ಮ್ಯಾಥ್ಯೂಸ್ ಬೇರೊಂದು ದಾರಿ ಹಿಡಿದನು. ನಾದದ ಅಲೆಯನ್ನು ಸಂಖ್ಯೆಗಳ ಸಾಲಾಗಿ ಲೆಕ್ಕ ಹಾಕಿ, ಆ ಸಂಖ್ಯೆಗಳನ್ನು ವಿದ್ಯುತ್ತಾಗಿ ಮಾರ್ಪಡಿಸಿ ಕೇಳುವುದೇ ಆ ದಾರಿ. ನ್ಯೂಯಾರ್ಕಿನ ಐ.ಬಿ.ಎಂ. 704 ಯಂತ್ರದಲ್ಲಿ ಲೆಕ್ಕ. ಅಲ್ಲಿಂದ ಕಾಂತಪಟ್ಟಿಯನ್ನು ಹೊತ್ತು ತಂದು ತಮ್ಮ ಪ್ರಯೋಗಶಾಲೆಯಲ್ಲಿ ಶ್ರವಣ. ಹೀಗೆ ಕೇಳಿಬಂದ ಮೊದಲ ರಚನೆ ಕೇವಲ 17 ಸೆಕೆಂಡುಗಳದು. ಇಂದು ನಮ್ಮ ಕೈಯಲ್ಲಿರುವ ದೂರವಾಣಿಯೊಳಗಿನ ಹಾಡೆಲ್ಲವೂ ಆ ಕ್ರಮದ ಸಂತಾನವೇ.

ಭಾರತದ ವಿಷಯಕ್ಕೆ ಬಂದರೆ ವ್ಯಸನಕರವಾದ ಪ್ರಸಂಗವೊಂದನ್ನು ಹೇಳಬೇಕಾಗುತ್ತದೆ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಒಂದು ಮೂಗ್ ಸಿಂಥಸೈಜರ್ ಬಂದಿತು. ಅಮೇರಿಕೆಯ ಡೇವಿಡ್ ಟ್ಯೂಡರ್ ಅದನ್ನು ಸ್ಥಾಪಿಸಿಕೊಟ್ಟನು. ಗೀತಾ ಸಾರಾಭಾಯಿ, ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮಾ, ಜಿನರಾಜ್ ಜೋಶಿಪುರಾ ಮುಂತಾದವರು ಅದರಲ್ಲಿ ಪ್ರಯೋಗಗಳನ್ನು ನಡೆಸಿದರು. ಕೆಲವೇ ವರ್ಷಗಳಲ್ಲಿ ಆ ಕೆಲಸ ನಿಂತಿತು. ಅವರ ಧ್ವನಿಮುದ್ರಿಕೆಗಳು ಸಂಗ್ರಹದಲ್ಲಿ ಸುಮಾರು ನಾಲ್ಕೂವರೆ ದಶಕ ಯಾರ ಕಿವಿಗೂ ಬೀಳದೆ ಬಿದ್ದಿದ್ದವು. ಪಾಲ್ ಪರ್ಗಾಸ್ ಎಂಬ ಕಲಾವಿದರು ಅವುಗಳನ್ನು ಹುಡುಕಿ ತೆಗೆದಮೇಲೆ, 2023ರಲ್ಲಿ ಆಯ್ದ ಭಾಗಗಳು ಪ್ರಕಟವಾದವು. ನಮ್ಮ ದೇಶದ ಎಲೆಕ್ಟ್ರಾನಿಕ್ ಸಂಗೀತದ ಮೊದಲ ಅಧ್ಯಾಯವೊಂದು ಕಪಾಟಿನಲ್ಲಿ ಉಳಿದುದರಿಂದ ಸಿಕ್ಕಿತು. ಕಪಾಟನ್ನು ಯಾರಾದರೂ ಶ್ರದ್ಧೆಯಿಂದ ಶುಚಿಮಾಡಿದ್ದರೆ ಸಿಕ್ಕುತ್ತಿರಲಿಲ್ಲ.

ಈಗ ಹಿರಿಯರ ಮಾತಿಗೆ ಬರೋಣ. ‘ಜೀವ ಇಲ್ಲ’ ಎಂಬುದು ಬರಿಯ ಬೈಗುಳವೆಂದು ಕೆಲವು ತರುಣರು ನಕ್ಕರು. ನಮಗೆ ನಗು ಬರಲಿಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನ ಎಳೆಯೊಂದನ್ನು ಸೇರಿಸುತ್ತಾರೆ. ಅದಕ್ಕೆ ಜೀವಾಳಿಯೆಂದೇ ಹೆಸರು. ಉತ್ತರಾದಿಯವರು ಜವಾರಿ ಎನ್ನುತ್ತಾರೆ. ಇದರ ಗುಟ್ಟನ್ನು ಅಳೆದು ತೋರಿಸಿದವರು ಸಿ. ವಿ. ರಾಮನ್. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಲಾರವೆಂಬುದು ಯಂಗ್ ಎಂಬ ವಿಜ್ಞಾನಿಯ ನಿಯಮ. ನಟ್ಟನಡುವೆ ಮೀಟಿದರೆ ಎರಡನೆಯ, ನಾಲ್ಕನೆಯ, ಆರನೆಯ ಉಪಸ್ವರಗಳು ಕೇಳಬಾರದು. ತಂಬೂರಿಯಲ್ಲಿಯೂ ವೀಣೆಯಲ್ಲಿಯೂ ಆ ನಿಯಮ ಮುರಿಯುತ್ತದೆಯೆಂದು ರಾಮನ್ 1921ರಲ್ಲಿ ಪ್ರಕಟಿಸಿದರು. ಕುದುರೆ ಚೂಪಾಗಿರದೆ ಅಗಲವಾಗಿ ಬಾಗಿರುವುದರಿಂದ ತಂತಿಯು ಅಲುಗಿದಂತೆಲ್ಲ ಅದನ್ನು ಸವರಿ ಬಿಡುತ್ತದೆ. ಆ ಸವರಿಕೆಯಿಂದ ಇಲ್ಲದ ಉಪಸ್ವರಗಳು ಎದ್ದು ಬರುತ್ತವೆ. ಮುಂದೆ ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಅವರು ಮೃದಂಗ, ತಬಲೆಗಳ ಬಗ್ಗೆಯೂ ವಿಸ್ತಾರವಾಗಿ ಬರೆದರು. ಭೌತವಿಜ್ಞಾನದ ವಿದ್ಯಾರ್ಥಿಗಳು ರಾಮನ್ ಪರಿಣಾಮವನ್ನು ಬಾಯಿಪಾಠ ಮಾಡುತ್ತಾರೆ. ಈ ಕೆಲಸದ ಹೆಸರನ್ನೂ ಕೇಳಿರುವುದಿಲ್ಲ.

ಹೀಗಿರುವುದರಿಂದ ನಿಜವಾದ ತಂಬೂರಿಯ ಒಂದು ಮೀಟಿನೊಳಗೆ ಉಪಸ್ವರಗಳ ಬಲಾಬಲವು ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ಚೆನ್ನಾಗಿ ಶ್ರುತಿ ಸೇರಿದ ಮಂದ್ರ ಷಡ್ಜದ ತಂತಿಯಿಂದ, ಯಾರೂ ನುಡಿಸದಿದ್ದರೂ, ಅಂತರ ಗಾಂಧಾರ ಹೊಮ್ಮುವುದನ್ನು ಸಂಗೀತಗಾರರು ಬಲ್ಲರು. ಅದು ಐದನೆಯ ಉಪಸ್ವರ. ಹಳೆಯ ಪೆಟ್ಟಿಗೆಯಲ್ಲಿ ಏನಿದೆ? ಒಂದು ಆಂದೋಲಕ ಮಂಡಲವು ಒಂದೇ ಆಕಾರದ ಅಲೆಯನ್ನು ಹುಟ್ಟಿಸುತ್ತದೆ. ಇನ್ನೊಂದು ಮಂಡಲವು ಆ ಅಲೆ ತಟಕ್ಕನೆ ಏರಿ ಮೆಲ್ಲಗೆ ಇಳಿಯುವಂತೆ ಮಾಡುತ್ತದೆ. ಮೂರನೆಯದು ಪ ಸ ಸ ಸ ಎಂಬ ಸರದಿಯನ್ನು ಕಾಯುತ್ತದೆ. ಪ್ರತಿ ಮೀಟೂ ಹಿಂದಿನ ಮೀಟಿನ ಪ್ರತಿಬಿಂಬ. ‘ಜೀವ ಇಲ್ಲ’ ಎಂದ ಹಿರಿಯರ ಕಿವಿ ಗುರುತಿಸಿದುದು ಇದನ್ನೇ. ಆದರೆ ಇದನ್ನು ಹೇಳಿದಾಕ್ಷಣ ಯಂತ್ರ ನಿಷ್ಪ್ರಯೋಜಕವೆಂದು ತೀರ್ಮಾನಿಸುವುದನ್ನು ನಾವು ಒಪ್ಪುವುದಿಲ್ಲ. ಎಲ್ಲಿ ಜೀವವಿಲ್ಲವೆಂಬುದು ತಿಳಿದುದರಿಂದಲೇ ಮುಂದಿನ ಕೆಲಸ ನಡೆಯಿತು. 1983ರಲ್ಲಿ ಕಾರ್ಪ್ಲಸ್ ಮತ್ತು ಸ್ಟ್ರಾಂಗ್ ಎಂಬಿಬ್ಬರು ಮೀಟಿದ ತಂತಿಯ ನಾದವನ್ನು ಅತಿ ಸರಳವಾದ ಲೆಕ್ಕದಿಂದ ಹೊರಡಿಸಿದರು. ಮೊದಲು ಅಡ್ಡಾದಿಡ್ಡಿ ಸಂಖ್ಯೆಗಳ ಒಂದು ಸಾಲು. ಅನಂತರ ಪ್ರತಿ ಸುತ್ತಿನಲ್ಲಿಯೂ ಪಕ್ಕಪಕ್ಕದ ಎರಡೆರಡು ಸಂಖ್ಯೆಗಳ ಸರಾಸರಿ. ಇಷ್ಟೇ. ಮೊದಲು ಒರಟಾದ ಮೀಟು, ಆಮೇಲೆ ಮೆತ್ತಗಾಗುತ್ತ ಅಡಗುವ ನಾದ. ಗಣಕಯಂತ್ರ ಬಲ್ಲ ಯಾವ ವಿದ್ಯಾರ್ಥಿಯೂ ಒಂದು ಸಂಜೆಯಲ್ಲಿ ಇದನ್ನು ಮಾಡಿ ಕೇಳಬಹುದು. ಸೆಕೆಂಡಿಗೆ 44,100 ಸಂಖ್ಯೆಗಳ ಕ್ರಮದಲ್ಲಿ 240 ಆವರ್ತದ ಷಡ್ಜವನ್ನು ಹೊರಡಿಸಹೋದರೆ, 183 ಸಂಖ್ಯೆಗಳ ಸಾಲಿನಿಂದ 240.33 ಬರುತ್ತದೆ, 184ರಿಂದ 239.02 ಬರುತ್ತದೆ, 240 ಬರುವುದಿಲ್ಲ. 1951ರ ಮ್ಯಾಂಚೆಸ್ಟರಿನ ಕಷ್ಟವೇ ಇಲ್ಲಿಯೂ ಮರಳಿ ಬಂದಿದೆ! ಅದನ್ನು ದಾಟುವ ಉಪಾಯವೂ ಅದೇ ವರ್ಷ ಪ್ರಕಟವಾಯಿತು. ತಾವೇ ಯೋಚಿಸಿ ಕಂಡುಕೊಳ್ಳಲು ಇಚ್ಛಿಸುವವರಿಗಾಗಿ ಅದನ್ನು ಇಲ್ಲಿ ಹೇಳದೆ ಬಿಟ್ಟಿದ್ದೇವೆ.

ಯಂತ್ರವು ಸಂಗೀತವನ್ನು ಕೆಡಿಸಿತೆಂಬ ದೂರು ಹೊಸದೇನಲ್ಲ. 1940ರಲ್ಲಿ ಅಖಿಲ ಭಾರತ ರೇಡಿಯೋ ಹಾರ್ಮೋನಿಯಮ್ಮನ್ನು ನಿಷೇಧಿಸಿತು; ನಿಷೇಧವು ಸುಮಾರು ಮೂರು ದಶಕ ಉಳಿಯಿತು. ಅಷ್ಟರಲ್ಲಿ ನಮ್ಮ ಸೀಮೆಯ ಯಕ್ಷಗಾನದಲ್ಲಿ, ಹಿಂದೆ ಶ್ರುತಿಗಿದ್ದ ಪುಂಗಿಯ ಸ್ಥಾನದಲ್ಲಿ ಹಾರ್ಮೋನಿಯಂ ಭದ್ರವಾಗಿ ಕುಳಿತಿತು. ಇಂದಿಗೂ ಭಾಗವತರು ತಮ್ಮ ಶ್ರುತಿಯನ್ನು ‘ಕಪ್ಪು ಎರಡು’, ‘ಬಿಳಿ ನಾಲ್ಕು’ ಎಂದು ಅದರ ಮನೆಗಳಿಂದಲೇ ಹೇಳುತ್ತಾರೆ. ನಿಷೇಧವನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಅದರ ಹಿಂದಿದ್ದ ಆಕ್ಷೇಪಗಳಲ್ಲಿ ಒಂದು ಲೆಕ್ಕಕ್ಕೆ ಸಿಕ್ಕುವಂಥದು. ಷಡ್ಜ 240 ಆದರೆ ಶುದ್ಧ ಪಂಚಮ 360; ಹನ್ನೆರಡು ಸಮಭಾಗದ ಕೀಲಿಮಣೆಯಲ್ಲಿ ಅದು 359.59. ಷಡ್ಜದ ಮೂರನೆಯ ಉಪಸ್ವರ 720, ಕೀಲಿಮಣೆಯ ಪಂಚಮದ ಎರಡನೆಯದು 719.19. ಎರಡೂ ಕೂಡಿದಾಗ ಹತ್ತು ಸೆಕೆಂಡಿಗೆ ಸುಮಾರು ಎಂಟು ವಿಸ್ಪಂದಗಳು. ಇದನ್ನು ಬಹುಮಂದಿ ಸಹಿಸಿಕೊಳ್ಳುತ್ತಾರೆ. ಗಾಂಧಾರದಲ್ಲಿ ಹಾಗಲ್ಲ. ಶುದ್ಧವಾದುದು 300, ಕೀಲಿಮಣೆಯದು 302.38, ಷಡ್ಜದ ಐದನೆಯ ಉಪಸ್ವರವೂ ಈ ಗಾಂಧಾರದ ನಾಲ್ಕನೆಯದೂ ಸೆಕೆಂಡಿಗೆ ಒಂಬತ್ತಕ್ಕಿಂತ ಹೆಚ್ಚು ಸಲ ತಿಕ್ಕಾಡುತ್ತವೆ. ತಂಬೂರಿ ತಾನಾಗಿ ಕೊಡುವ ಗಾಂಧಾರವನ್ನು ಕೀಲಿಮಣೆಯು ಅಲ್ಲಗಳೆಯುತ್ತದೆ ಎಂದು ಇದರ ಅರ್ಥ.

ಮೂಗ್ 1964ರ ಸುಮಾರಿಗೆ ರೂಪಿಸಿದ ಯಂತ್ರದಲ್ಲಿ ಸ್ವರವನ್ನು ವಿದ್ಯುತ್ತಿನ ಒತ್ತಡದಿಂದ ಏರಿಸುತ್ತಾರೆ. ಒಂದು ವೋಲ್ಟಿಗೆ ಒಂದು ಸ್ಥಾಯಿ. ಆ ಲೆಕ್ಕದಲ್ಲಿ ಕೀಲಿಮಣೆಯ ಪಂಚಮಕ್ಕೆ 0.5833 ವೋಲ್ಟು, ಶುದ್ಧ ಪಂಚಮಕ್ಕೆ 0.5850 ವೋಲ್ಟು. ಅಂತರವು ಎರಡು ಸಾವಿರಾಂಶ ವೋಲ್ಟಿಗಿಂತಲೂ ಕಡಿಮೆ.  ಆದರೆ ಗುರುಮುಖದಿಂದ ಕಲಿತ ಹತ್ತು ವರ್ಷದ ಬಾಲಕಿಯ ಕಿವಿ ಅದನ್ನು ಗುರುತಿಸುತ್ತದೆ. ಯಂತ್ರ ಬಂದುದರಿಂದ ತಂಬೂರಿ ಮೀಟುವವರು ಇಲ್ಲವಾದರೆಂದು ಕೊರಗುವವರಿದ್ದಾರೆ. ನಮಗೆ ಹೆಚ್ಚಿನ ಚಿಂತೆ ಬೇರೆ. ಹಳೆಯ ಪೆಟ್ಟಿಗೆಯಲ್ಲಿ ಗುಂಡಿ ತಿರುಗಿಸಿ ಕಿವಿಯಿಂದಲೇ ಶ್ರುತಿ ಸೇರಿಸಬೇಕಾಗಿತ್ತು. ಇಂದಿನ ದೂರವಾಣಿಯಲ್ಲಿ ಅಂಕಿಯನ್ನು ಒತ್ತಿದರೆ ಸಾಕು, ಸ್ವರ ತಾನೇ ಸೇರಿಕೊಂಡು ಬರುತ್ತದೆ. ಕೇಳುವ ಅವಶ್ಯಕತೆಯೇ ಹೋದಮೇಲೆ ಕೇಳುವ ಅಭ್ಯಾಸ ಎಷ್ಟು ದಿನ ಉಳಿದೀತು?

ಹಾಗಾದರೆ ದೂರವಾಣಿಯಲ್ಲಿ ಎಲ್ಲವೂ ಇರುವಾಗ ಕೊಳೆತ ಪೆಟ್ಟಿಗೆಯೇಕೆ ಎಂಬ ಆಕ್ಷೇಪಕ್ಕೂ ಇಲ್ಲಿಯೇ ಉತ್ತರವಿದೆ. ದೂರವಾಣಿಯನ್ನು ಬಿಚ್ಚಿ ಅದರೊಳಗಿನ ತಂಬೂರಿಯನ್ನು ತೋರಿಸಲಾಗದು. ಹಳೆಯ ಪೆಟ್ಟಿಗೆಯಲ್ಲಿ ತೋರಿಸಬಹುದು. ನಾವು ಗುಡ್ನಾಪುರದ ಆ ಪೆಟ್ಟಿಗೆಯನ್ನು ಯಜಮಾನರಿಂದ ಬೇಡಿ ತಂದೆವು. ಗುಜರಿಯವನು ಕೊಡುತ್ತಿದ್ದ ಹಣಕ್ಕಿಂತ ಹೆಚ್ಚು ಕೊಡಲು ಹೋದರೆ ಅವರು ಒಪ್ಪಲಿಲ್ಲ, ಬದಲಿಗೆ ಒಂದು ಗೊನೆ ಬಾಳೆಹಣ್ಣನ್ನೂ ಜೊತೆಗೆ ಕೊಟ್ಟು ಕಳುಹಿಸಿದರು. ತಯಾರಿಸಿದವರ ಹೆಸರು ಅಳಿಸಿಹೋಗಿದೆ. ಕೈಪಿಡಿಯಿಲ್ಲ, ಮಂಡಲದ ನಕ್ಷೆಯಿಲ್ಲ. ಎರಡನೆಯ ವರ್ಷದ ವಿದ್ಯಾರ್ಥಿಗಳು ತಾಮ್ರದ ಗೆರೆಗಳನ್ನು ಕಣ್ಣಿನಿಂದ ಹಿಂಬಾಲಿಸಿ ನಕ್ಷೆ ಬರೆಯಲು ಮೂರು ವಾರ ಹಿಡಿಯಿತು. ಬರೆದಾದಮೇಲೆ ಅವರಿಗೆ ರೋಧಕ, ಧಾರಕಗಳೆಂದರೆ ಪಠ್ಯಪುಸ್ತಕದ ಅಕ್ಷರಗಳಲ್ಲವೆಂಬುದು ತಿಳಿಯಿತು. ರೋಧಕ ಮತ್ತು ಧಾರಕಗಳ ಗುಣಲಬ್ಧ ಹೆಚ್ಚಿದರೆ ಕಂಪನಸಂಖ್ಯೆ ಕುಗ್ಗುತ್ತದೆ; ಬಿಸಿಯಿಂದ ಅದು ನೂರಕ್ಕೆ ಒಂದರಷ್ಟು ಬದಲಾದರೂ 240ರ ಷಡ್ಜವು 2.4ರಷ್ಟು ಸರಿಯುತ್ತದೆ. ಪೆಟ್ಟಿಗೆ ಹೊತ್ತಿಸಿದ ಮೊದಲ ಕಾಲು ಗಂಟೆಯಲ್ಲಿ ಶ್ರುತಿ ಜಾರುತ್ತದೆಯೆಂದು ಭಾಗವತರು ಅಂದದ್ದು ಅವರ ಭ್ರಮೆಯಲ್ಲವೆಂದು ಒಬ್ಬ ವಿದ್ಯಾರ್ಥಿನಿ ವಿಸ್ಪಂದಗಳನ್ನು ಎಣಿಸಿಯೇ ತೋರಿಸಿದಳು.

ನಮ್ಮ ನಾಡಿನ ವಸ್ತುಸಂಗ್ರಹಾಲಯಗಳಲ್ಲಿ ಮುರಿದ ವೀಣೆಗೆ ಸ್ಥಳವಿದೆ, ಕತ್ತಿಗೆ ಸ್ಥಳವಿದೆ. 1979ರಿಂದ ಈಚೆಗಿನ ಈ ಪೆಟ್ಟಿಗೆಗಳಿಗೂ ಒಂದು ಕಪಾಟಾದರೂ ದೊರೆಯಬೇಕೆಂಬುದು ನಮ್ಮ ಬಲವಾದ ಅಭಿಪ್ರಾಯ. ಪೆಟ್ಟಿಗೆಯ ಜೊತೆಗೆ ನಕ್ಷೆ, ಕೈಪಿಡಿ, ಮಾರಾಟದ ಚೀಟಿ, ಬಳಸಿದವರ ಹೇಳಿಕೆ ಇವೂ ಬೇಕು. ಇಲ್ಲವಾದರೆ ಅದು ಬರಿಯ ಡಬ್ಬಿ. ಸರ್ಕಾರವೋ ವಿಶ್ವವಿದ್ಯಾಲಯವೋ ಇದನ್ನು ಮಾಡುವ ತನಕ ಕಾಯಬೇಕಾಗಿಲ್ಲ. ಪ್ರತಿ ಕಾಲೇಜಿನ ಭೌತವಿಜ್ಞಾನ ವಿಭಾಗದಲ್ಲಿಯೂ ಒಂದು ಮೇಜು ಖಾಲಿ ಇದ್ದೇ ಇರುತ್ತದೆ, ಅಥವಾ ಖಾಲಿ ಮಾಡಿಸಬಹುದು.

ಈ ಬೇಸಗೆಯ ರಜೆಯಲ್ಲಿ ಊರಿಗೆ ಹೋಗುವ ತರುಣ ವಾಚಕರು ತಮ್ಮ ಮನೆಯ ಅಟ್ಟವನ್ನೊಮ್ಮೆ ನೋಡಿರಿ. ಅಂತಹ ಪೆಟ್ಟಿಗೆ ಸಿಕ್ಕಿದರೆ, ಯಾವಾಗ ಕೊಂಡದ್ದು, ಯಾರು ಹಾಡುತ್ತಿದ್ದರು, ಯಾವ ಮನೆಯ ಶ್ರುತಿಗೆ ಇಡುತ್ತಿದ್ದರು ಎಂಬುದನ್ನು ಹಿರಿಯರಿಂದ ಕೇಳಿ ಒಂದು ಚೀಟಿಯಲ್ಲಿ ಬರೆದು ಒಳಗಿಡಿರಿ. ಒದ್ದೆಯಿಲ್ಲದ ಜಾಗದಲ್ಲಿರಲಿ. ಗೋಡೆಯ ವಿದ್ಯುತ್ತಿಗೆ ಜೋಡಿಸಿ ಪರೀಕ್ಷಿಸುವ ಆತುರ ಬೇಡ. ಬಲ್ಲವರಿಂದ ಮೊದಲು ನೋಡಿಸಬೇಕು. ಸೆಲ್ಲುಗಳೇನಾದರೂ ಒಳಗೆ ಉಳಿದಿದ್ದರೆ ಅವನ್ನು ಮಾತ್ರ ಅಂದೇ ತೆಗೆದುಬಿಡಿರಿ. ಸೋರಿದ ಕ್ಷಾರವು ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ, ಆಮೇಲೆ ನಕ್ಷೆ ಬರೆಯಲು ಏನೂ ಉಳಿಯುವುದಿಲ್ಲ.